ಸ್ಟಿಕ್ ಡ್ರಿಫ್ಟ್, ಸವೆದ ಟ್ರಿಗರ್: ಫುಟ್‌ಬಾಲ್ ಗೇಮ್ ಆಡುವವರ ಕಂಟ್ರೋಲರ್ ರಿಪೇರಿ

ನೀವು ಸ್ಟಿಕ್‌ನಿಂದ ಬೆರಳು ತೆಗೆದಿದ್ದೀರಿ, ಆದರೂ ನಿಮ್ಮ ಸೆಂಟರ್ ಬ್ಯಾಕ್ ಒಂದೊಂದೇ ಹೆಜ್ಜೆ ಎಡಕ್ಕೆ ಸರಿಯುತ್ತಿದ್ದಾನೆ. ಅವನು ಬಿಟ್ಟ ಜಾಗಕ್ಕೇ ಎದುರಾಳಿಯ ಥ್ರೂ ಬಾಲ್ ಬಂದು ಬೀಳುತ್ತದೆ. ನೇರವಾಗಿ ಕೊಟ್ಟ ಪಾಸ್ ಓರೆಯಾಗುತ್ತದೆ. ಬಲಗಡೆಯ ಟ್ರಿಗರ್ ಆದ ಆರ್2 ಪೂರ್ತಿ ಒತ್ತಿದ್ದರೂ ವಿಂಗರ್ ಓಟದ ನಡುವೆ ತಡವರಿಸುತ್ತಾನೆ. ಇವೆಲ್ಲ ಕಂಟ್ರೋಲರ್ ಸವೆದಿರುವ ಲಕ್ಷಣಗಳು. ಇಲ್ಲಿ ಬಹಳ ಮಂದಿ ಎಡವುವುದು ಒಂದೇ ಕಡೆ: ಏನಾಗಿದೆ ಎಂದು ನೋಡುವ ಮೊದಲೇ ಸ್ಕ್ರೂಡ್ರೈವರ್ ಹಿಡಿಯುತ್ತಾರೆ. ಮುಟ್ಟದಿದ್ದರೂ ಸ್ಟಿಕ್ ಒಂದು ಕಡೆಗೆ ಎಳೆಯುವುದಕ್ಕೆ ಡ್ರಿಫ್ಟ್ ಎನ್ನುತ್ತಾರೆ. ಆ ಒಂದೇ ಹೆಸರಿನ ಹಿಂದೆ ಮೂರು ಬೇರೆ ಬೇರೆ ತೊಂದರೆಗಳಿವೆ, ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಆದ್ದರಿಂದ ಮೊದಲು ಅಂಕಿ ಓದಿ, ಆಮೇಲೆ ಬಿಚ್ಚಿ.

ಒಳಗೆ ಸವೆಯುವುದು ಏನು

ಪಿಎಸ್4ರ ಡ್ಯುಯಲ್‌ಶಾಕ್ 4, ಪಿಎಸ್5ರ ಡ್ಯುಯಲ್‌ಸೆನ್ಸ್, ಎಕ್ಸ್‌ಬಾಕ್ಸ್‌ನ ಸಾಮಾನ್ಯ ಕಂಟ್ರೋಲರ್‌ಗಳು, ಇವೆಲ್ಲದರ ಸ್ಟಿಕ್‌ನ ಕೆಳಗಿರುವ ಮಾಡ್ಯೂಲ್ ಹೆಚ್ಚುಕಡಿಮೆ ಒಂದೇ ಬಗೆಯದು. ಚೌಕಾಕಾರದ ಲೋಹದ ಚೌಕಟ್ಟು, ಅದರ ಎರಡು ಪಕ್ಕಗಳಲ್ಲಿ ಬೆರಳುಗುರಿನಷ್ಟು ಸಣ್ಣ ಎರಡು ಪೊಟೆನ್ಶಿಯೊಮೀಟರ್‌ಗಳು. ಒಂದು ಎಡ-ಬಲವನ್ನು ಅಳೆಯುತ್ತದೆ, ಇನ್ನೊಂದು ಮೇಲೆ-ಕೆಳಗನ್ನು. ಪ್ರತಿಯೊಂದರ ಒಳಗೂ ಕಪ್ಪು ಇಂಗಾಲದ ಪಟ್ಟಿ ಇದೆ. ನೀವು ಸ್ಟಿಕ್ ಆಡಿಸಿದಂತೆಲ್ಲ ಅದರ ಮೇಲೆ ಕೂದಲಿನಷ್ಟು ತೆಳುವಾದ ಲೋಹದ ಬೆರಳುಗಳು ಉಜ್ಜುತ್ತಾ ಹೋಗುತ್ತವೆ. ಆ ಬೆರಳು ಪಟ್ಟಿಯ ಯಾವ ಜಾಗದಲ್ಲಿ ನಿಂತಿದೆ ಎಂಬುದರ ಮೇಲೆ ವೋಲ್ಟೇಜ್ ಬದಲಾಗುತ್ತದೆ, ಅದನ್ನೇ ಗೇಮ್ ದಿಕ್ಕು ಎಂದು ಓದಿಕೊಳ್ಳುತ್ತದೆ.

ಉಜ್ಜುವ ವಸ್ತು ಸವೆಯಲೇಬೇಕು. ಆಲ್ಪ್ಸ್ ಕಂಪನಿಯ ಈ ಬಗೆಯ ಮಾಡ್ಯೂಲ್‌ಗೆ ತಯಾರಕರು ಹೇಳುವ ಆಯಸ್ಸು 20 ಲಕ್ಷ ಸುತ್ತು. ಕೇಳಲು ದೊಡ್ಡದು. ಸೆಕೆಂಡಿಗೆ ಒಂದು ಸಲ ಸ್ಟಿಕ್ ತಿರುಗಿಸುತ್ತೀರಿ ಎಂದು ಹಿಡಿದರೆ ಅದು ಸುಮಾರು 555 ಗಂಟೆಯ ಆಟ, ಅಷ್ಟೇ. ಫುಟ್‌ಬಾಲ್ ಗೇಮ್‌ನಲ್ಲಿ ಎಡ ಸ್ಟಿಕ್‌ಗೆ ಬಿಡುವು ಎಂಬುದೇ ಇಲ್ಲ. ಚೆಂಡು ನಿಮ್ಮಲ್ಲಿದ್ದರೂ ಇಲ್ಲದಿದ್ದರೂ ಅದು ಅಂಚಿಗೆ ಒತ್ತಿಕೊಂಡೇ ಇರುತ್ತದೆ. ಜೊತೆಗೆ ಇಎ ಎಫ್‌ಸಿಯಲ್ಲಿ ಓಟ ಆರ್2ಗೆ, ಚೆಂಡು ಕಾಯುವುದು ಮತ್ತು ಜಾಕಿ (ಎದುರಾಳಿಗೆ ಮುಖಮಾಡಿ ಅಡ್ಡಗಟ್ಟುತ್ತಾ ಸರಿಯುವುದು) ಎಡ ಟ್ರಿಗರ್ ಆದ ಎಲ್2ಗೆ. ಹಾಗಾಗಿ ಈ ಆಟದಲ್ಲಿ ಮೊದಲು ಸೋಲುವುದು ಸಾಮಾನ್ಯವಾಗಿ ಎಡ ಸ್ಟಿಕ್ ಮತ್ತು ಆರ್2. ಬಲ ಸ್ಟಿಕ್‌ನ ಡ್ರಿಫ್ಟ್ ತಡವಾಗಿ ಗೊತ್ತಾಗುತ್ತದೆ, ಏಕೆಂದರೆ ಸ್ಕಿಲ್ ಮೂವ್‌ಗೂ ಆಟಗಾರನನ್ನು ಬದಲಿಸುವುದಕ್ಕೂ ಸ್ಟಿಕ್ ಸಾಕಷ್ಟು ದೂರ ಹೋಗಬೇಕು. ಡಿಫೆಂಡ್ ಮಾಡುವಾಗ ಆಟಗಾರ ತಾನಾಗಿಯೇ ಬದಲಾಗಲು ಶುರುವಾಯಿತೆಂದರೆ ಅಲ್ಲಿ ಸವಕಳಿ ಆಗಲೇ ಆಳಕ್ಕಿಳಿದಿದೆ.

ಬಿಚ್ಚುವ ಮೊದಲು ಅಂಕಿ ಓದುವುದು

ಕಂಟ್ರೋಲರನ್ನು ಯುಎಸ್‌ಬಿ ಕೇಬಲ್‌ನಿಂದ ಕಂಪ್ಯೂಟರ್‌ಗೆ ಜೋಡಿಸಿ, ಬ್ರೌಸರ್‌ನಲ್ಲಿ ಯಾವುದಾದರೂ ಗೇಮ್‌ಪ್ಯಾಡ್ ಟೆಸ್ಟರ್ ತೆರೆದು, ಒಂದು ಬಟನ್ ಒತ್ತಿ. ನಾಲ್ಕು ಅಂಕಿಗಳು ಕಾಣುತ್ತವೆ. 0 ಮತ್ತು 1 ಎಡ ಸ್ಟಿಕ್‌ನದು, 2 ಮತ್ತು 3 ಬಲದ್ದು. ಮಧ್ಯ ಎಂದರೆ 0.00, ಅಂಚು ಎಂದರೆ 1.00 ಅಥವಾ ಮೈನಸ್ 1.00. ಸ್ಟಿಕ್ ಮೇಲೆ ತಳ್ಳಿದಾಗ ಮೈನಸ್ ಬಂದರೆ ಗಾಬರಿ ಬೇಡ, ಆ ಲೆಕ್ಕ ಇರುವುದೇ ಹಾಗೆ. ಕಾಗದ, ಪೆನ್ನು ಪಕ್ಕದಲ್ಲಿಟ್ಟುಕೊಳ್ಳಿ.

1. ಕಂಟ್ರೋಲರನ್ನು ಮೇಜಿನ ಮೇಲಿಟ್ಟು ಕೈ ತೆಗೆಯಿರಿ. ನಾಲ್ಕೂ ಅಂಕಿ ಬರೆದುಕೊಳ್ಳಿ.
2. ಎಡ ಸ್ಟಿಕ್ಕನ್ನು ಪೂರ್ತಿ ಎಡಕ್ಕೆ ತಳ್ಳಿ ಮೆಲ್ಲಗೆ ಬಿಡಿ, ಅಂಕಿ ಬರೆಯಿರಿ. ಬಲಕ್ಕೆ, ಮೇಲಕ್ಕೆ, ಕೆಳಕ್ಕೂ ಹೀಗೆಯೇ. ದಿಕ್ಕಿಗೆ ಐದು ಸಲವಾದರೂ ಮಾಡಿ.
3. ಮಧ್ಯದಿಂದ ಅಂಚಿನವರೆಗೆ ಮೂರು ಸೆಕೆಂಡು ತೆಗೆದುಕೊಂಡು ಬಹಳ ನಿಧಾನವಾಗಿ ತಳ್ಳಿ. ಅಂಕಿ ಒಂದೇ ಸಮನೆ ಏರಬೇಕು.
4. ಅಂಚಿಗೆ ಒತ್ತಿ ಹಿಡಿದು ಎರಡು ಸುತ್ತು ತಿರುಗಿಸಿ. ನೇರ ಎಡ, ಬಲ, ಮೇಲೆ, ಕೆಳಗೆ, ಇವುಗಳಲ್ಲಿ ಯಾವ ದಿಕ್ಕಿನಲ್ಲಿ 1.00 ಮುಟ್ಟುವುದಿಲ್ಲ ಎಂದು ಗುರುತು ಹಾಕಿಕೊಳ್ಳಿ.
5. ಎಲ್2, ಆರ್2 ಎರಡನ್ನೂ ನಿಧಾನವಾಗಿ ಒತ್ತಿ ಬಿಡಿ. 0ಯಿಂದ 1ಕ್ಕೆ ಹೋಗಿ ಮತ್ತೆ 0ಗೇ ಬರಬೇಕು.

ಇನ್ನು ಬರೆದದ್ದನ್ನು ಓದುವ ಬಗೆ. ಪ್ರತಿ ಸಲವೂ ಮಧ್ಯದಲ್ಲಿ ಅದೇ 0.09 ಬರುತ್ತಿದ್ದು, ನಿಧಾನವಾಗಿ ತಳ್ಳಿದಾಗ ಏರಿಕೆ ನಯವಾಗಿದ್ದರೆ ಸ್ಟಿಕ್ ಇನ್ನೂ ಗಟ್ಟಿಯಾಗಿದೆ, ಅದರ ಮಧ್ಯಬಿಂದು ಮಾತ್ರ ಸರಿದಿದೆ. ಇದಕ್ಕೆ ಕ್ಯಾಲಿಬ್ರೇಶನ್, ಅಂದರೆ ಮಧ್ಯ ಯಾವುದು ಎಂದು ಕಂಟ್ರೋಲರ್‌ಗೆ ಹೊಸದಾಗಿ ಕಲಿಸುವುದು, ಸಾಕು. ಎಡದಿಂದ ಬಿಟ್ಟಾಗ ಮೈನಸ್ 0.08, ಬಲದಿಂದ ಬಿಟ್ಟಾಗ 0.07, ಹೀಗೆ ಬಂದ ದಿಕ್ಕಿಗೆ ತಕ್ಕಂತೆ ಮಧ್ಯ ಬದಲಾಗುತ್ತಿದ್ದರೆ ಸ್ಪ್ರಿಂಗ್ ಮತ್ತು ಅದರ ಸುತ್ತಲಿನ ಪ್ಲಾಸ್ಟಿಕ್ ಸವೆದಿವೆ. ಎಷ್ಟೇ ಸ್ವಚ್ಛ ಮಾಡಿದರೂ ಅದು ಸರಿಯಾಗದು, ಮಾಡ್ಯೂಲ್ ಬದಲಿಸಬೇಕು. ಅಂಕಿ ನಿಂತಲ್ಲೇ ನಡುಗುತ್ತಿದ್ದರೆ, ಅಥವಾ ನಿಧಾನ ತಳ್ಳುವಾಗ 0.30ರಿಂದ ಒಮ್ಮೆಗೇ 0.55ಕ್ಕೆ ನೆಗೆದರೆ, ಇಂಗಾಲದ ಪಟ್ಟಿಯ ಮೇಲೆ ಪುಡಿ ಕೂತಿದೆ ಇಲ್ಲವೇ ಪಟ್ಟಿಯೇ ಗೀರಿದೆ. ಪುಡಿಯಾದರೆ ಸ್ವಚ್ಛತೆಯಿಂದ ಹೋಗುತ್ತದೆ, ಗೀರಾದರೆ ಹೋಗುವುದಿಲ್ಲ.

ಸುಸ್ಥಿತಿಯ ಸ್ಟಿಕ್ ಕೂಡ 0.02, 0.04 ತೋರಿಸುವುದುಂಟು. ಅದನ್ನು ಡ್ರಿಫ್ಟ್ ಎನ್ನಬೇಡಿ. ಮಧ್ಯದ ಸುತ್ತ ಗೇಮ್ ಲೆಕ್ಕಕ್ಕೆ ತೆಗೆದುಕೊಳ್ಳದ ಸಣ್ಣ ಜಾಗ, ಅಂದರೆ ಡೆಡ್‌ಜೋನ್, ಅದನ್ನು ನುಂಗಿಕೊಳ್ಳುತ್ತದೆ.

ಬಿಚ್ಚದೆ ಆಗುವ ಕೆಲಸ

ವಾರಂಟಿ ಇನ್ನೂ ಇದ್ದರೆ ಇಲ್ಲಿಯೇ ನಿಲ್ಲಿ. ಬರೆದುಕೊಂಡ ಅಂಕಿಗಳ ಫೋಟೊ ಸಮೇತ ಕಂಪನಿಗೆ ಕಳಿಸುವುದೇ ಒಳ್ಳೆಯದು.

ಡ್ಯುಯಲ್‌ಸೆನ್ಸ್‌ನ ಹಿಂಬದಿಯ ಪುಟ್ಟ ರಂಧ್ರಕ್ಕೆ ಪಿನ್ ಹಾಕಿ ಐದು ಸೆಕೆಂಡು ಒತ್ತಿ ಎಂಬ ಸಲಹೆಯನ್ನು ಎಲ್ಲರೂ ಕೊಡುತ್ತಾರೆ. ಕಂಟ್ರೋಲರ್ ಕನ್ಸೋಲ್‌ಗೆ ಜೋಡಣೆಯಾಗದಿದ್ದರೆ ಅದು ಉಪಯೋಗಕ್ಕೆ ಬರುತ್ತದೆ. ಸವೆದ ಪಟ್ಟಿಗೆ ಅದರಿಂದ ಏನೂ ಆಗದು.

ಮಧ್ಯಬಿಂದು ಸರಿದಿರುವುದಷ್ಟೇ ತೊಂದರೆಯಾದರೆ ಕ್ಯಾಲಿಬ್ರೇಶನ್ ಮಾಡಿ. ಡ್ಯುಯಲ್‌ಶಾಕ್ 4, ಡ್ಯುಯಲ್‌ಸೆನ್ಸ್‌ಗಳಿಗೆ ಕ್ರೋಮ್ ಅಥವಾ ಎಡ್ಜ್ ಬ್ರೌಸರ್‌ನಿಂದಲೇ ಕೆಲಸ ಮಾಡುವ ಕ್ಯಾಲಿಬ್ರೇಶನ್ ಸಾಧನಗಳು ಉಚಿತವಾಗಿ ಸಿಗುತ್ತವೆ. ಅವು ಕಂಟ್ರೋಲರ್‌ನ ಮೆಮೊರಿಯಲ್ಲೇ ಹೊಸ ಮಧ್ಯಬಿಂದುವನ್ನು ಬರೆಯುತ್ತವೆ, ಹಾಗಾಗಿ ಕನ್ಸೋಲ್‌ನಲ್ಲೂ ಅದೇ ಉಳಿಯುತ್ತದೆ. ಮೊದಲು ತಾತ್ಕಾಲಿಕವಾಗಿ ಮಾಡಿ, ಮೇಲಿನ ಎರಡನೇ ಪರೀಕ್ಷೆ ಮತ್ತೆ ಮಾಡಿ, ಸರಿಯೆನಿಸಿದ ಮೇಲೆ ಮಾತ್ರ ಶಾಶ್ವತವಾಗಿ ಉಳಿಸಿ. ಸ್ಪ್ರಿಂಗ್ ಸವೆದ ಸ್ಟಿಕ್‌ಗೆ ಇದನ್ನು ಮಾಡಿದರೆ ಒಂದು ಕಡೆಯ ಡ್ರಿಫ್ಟ್ ಇನ್ನೊಂದು ಕಡೆಗೆ ಹೋಗುತ್ತದೆ, ಅಷ್ಟೇ.

ಡೆಡ್‌ಜೋನ್ ಹೆಚ್ಚಿಸುವುದು ಮದ್ದಲ್ಲ, ನೋವು ಮರೆಸುವ ಮಾತ್ರೆ. ಆದರೂ ನಾಳೆಯೇ ಟೂರ್ನಮೆಂಟ್ ಇದ್ದರೆ ಬೇಕಾಗುತ್ತದೆ. ಸ್ಟೀಮ್‌ನಲ್ಲಿ, ಡ್ಯುಯಲ್‌ಸೆನ್ಸ್ ಎಡ್ಜ್‌ನಲ್ಲಿ ಈ ಆಯ್ಕೆ ಇದೆ. ಮಧ್ಯದಲ್ಲಿ ಕಂಡ ಅತಿ ಕೆಟ್ಟ ಅಂಕಿಗೆ 0.02 ಸೇರಿಸಿ ಇಡಿ, ಅದಕ್ಕಿಂತ ಹೆಚ್ಚು ಬೇಡ. 0.15 ದಾಟಿತೆಂದರೆ ಪೆನಾಲ್ಟಿ ಬಾಕ್ಸ್ ಅಂಚಿನಲ್ಲಿ ಚೆಂಡನ್ನು ಕಾಲಿಗೆ ಅಂಟಿಸಿಕೊಂಡು ಸಣ್ಣ ಹೆಜ್ಜೆಯಲ್ಲಿ ತಿರುಗುವ ಆಟ ಸತ್ತುಹೋಗುತ್ತದೆ, ಸ್ಟಿಕ್ ಅಷ್ಟು ದೂರ ಹೋಗುವವರೆಗೆ ಆಟಗಾರ ಕದಲುವುದೇ ಇಲ್ಲ.

ಅಂಕಿ ನಡುಗುತ್ತಿದ್ದರೆ ಹೊರಗಿನಿಂದ ಒಮ್ಮೆ ಸ್ವಚ್ಛ ಮಾಡಿ ನೋಡಿ. ಬೇಕಾದದ್ದು ಶೇ. 99ರ ಐಸೊಪ್ರೊಪೈಲ್ ಆಲ್ಕೋಹಾಲ್, ಶೇ. 90ಕ್ಕಿಂತ ಕಡಿಮೆಯದು ಬೇಡ, ಅದರಲ್ಲಿ ನೀರಿನ ಪಾಲು ಹೆಚ್ಚು. ಕಂಟ್ರೋಲರ್ ಆಫ್ ಮಾಡಿ, ಕೇಬಲ್ ತೆಗೆಯಿರಿ, ತೆಗೆಯಬಹುದಾದ ಬ್ಯಾಟರಿಯಾದರೆ ಅದನ್ನೂ. ಸ್ಟಿಕ್ಕನ್ನು ಒಂದು ಬದಿಗೆ ಪೂರ್ತಿ ಬಾಗಿಸಿ ಎದುರು ಬದಿಯ ಸಂದಿಗೆ ಎರಡು ಹನಿ ಬಿಡಿ, ಹೆಚ್ಚು ಬೇಡ. 30 ಸುತ್ತು ತಿರುಗಿಸಿ, ಎಲ್3 (ಸ್ಟಿಕ್ಕನ್ನೇ ಕೆಳಕ್ಕೆ ಒತ್ತಿದಾಗ ಕೆಲಸ ಮಾಡುವ ಬಟನ್) ಹತ್ತಾರು ಸಲ ಒತ್ತಿ. ಇದನ್ನೇ ಉಳಿದ ಮೂರು ಬದಿಗೂ ಮಾಡಿ, ಅರ್ಧ ಗಂಟೆ ಒಣಗಲು ಬಿಡಿ. ಮಾಮೂಲಿ ಡಬ್ಲ್ಯುಡಿ-40 ಹಾಕಬೇಡಿ. ಮೊದಲ ದಿನ ಎಲ್ಲ ಸರಿಹೋದಂತೆ ಕಾಣುತ್ತದೆ, ಆಮೇಲೆ ಉಳಿದ ಎಣ್ಣೆಯ ಪದರಕ್ಕೆ ಧೂಳೂ ಇಂಗಾಲದ ಪುಡಿಯೂ ಅಂಟಿ ಕೆಸರಾಗುತ್ತದೆ.

ಕಂಟ್ರೋಲರ್ ಬಿಚ್ಚುವುದು

ಡ್ಯುಯಲ್‌ಶಾಕ್ 4ರ ಹಿಂಬದಿಯಲ್ಲಿ ನಾಲ್ಕು ಫಿಲಿಪ್ಸ್ ಸ್ಕ್ರೂಗಳು ಕಣ್ಣಿಗೆ ಕಾಣುವಂತೆಯೇ ಇವೆ. ಹಿಂಬದಿಯ ಕವಚ ತೆಗೆಯುವಾಗ ಒಮ್ಮೆಲೇ ಎಳೆಯಬೇಡಿ, ಚಾರ್ಜಿಂಗ್ ಭಾಗದಿಂದ ಬೋರ್ಡ್‌ಗೆ ರಿಬ್ಬನ್ ಕೇಬಲ್ ಇದೆ. ಡ್ಯುಯಲ್‌ಸೆನ್ಸ್‌ನಲ್ಲಿ ಸ್ಕ್ರೂ ಹೊರಗೆ ಕಾಣುವುದಿಲ್ಲ. ಸ್ಟಿಕ್‌ಗಳ ಸುತ್ತಲಿನ ಅಲಂಕಾರದ ಪಟ್ಟಿಯನ್ನು ಪ್ಲಾಸ್ಟಿಕ್ ಸಲಾಕೆಯಿಂದ ಎಬ್ಬಿಸಿ, ಎಲ್1, ಆರ್1 ಬಟನ್‌ಗಳನ್ನು ಕಿತ್ತರೆ ಎರಡು ಮೇಲೆ, ಎರಡು ಹಿಡಿಯ ಬಳಿ, ಒಟ್ಟು ನಾಲ್ಕು ಸ್ಕ್ರೂ ಸಿಗುತ್ತವೆ. ಪಿಎಚ್00 ಅಳತೆಯ ಫಿಲಿಪ್ಸ್ ತುದಿ ಸಾಕು. ಎಕ್ಸ್‌ಬಾಕ್ಸ್‌ನದಕ್ಕೆ ಎರಡೂ ಹಿಡಿಗಳ ಪಕ್ಕದ ಕವಚ ತೆಗೆಯಬೇಕು, ಆಮೇಲೆ ನಡುವೆ ರಂಧ್ರವಿರುವ ಟಿ8 ಸೆಕ್ಯುರಿಟಿ ಟಾರ್ಕ್ಸ್ ತುದಿಯಿಂದ ಐದು ಸ್ಕ್ರೂ. ಐದನೆಯದು ಬ್ಯಾಟರಿ ಗೂಡಿನ ಸ್ಟಿಕರ್ ಅಡಿಯಲ್ಲಿ ಅಡಗಿದೆ. ಅದನ್ನು ಮರೆತು ಮೀಟಿದವರೇ ಕವಚ ಸೀಳಿಕೊಳ್ಳುವುದು.

ಬ್ಯಾಟರಿ ಒಳಗೇ ಇರುವ ಡ್ಯುಯಲ್‌ಶಾಕ್ 4, ಡ್ಯುಯಲ್‌ಸೆನ್ಸ್‌ಗಳಲ್ಲಿ ತೆರೆದ ಕೂಡಲೇ ಮೊದಲ ಕೆಲಸ ಬ್ಯಾಟರಿಯ ಕನೆಕ್ಟರ್ ಬಿಡಿಸುವುದು. ತಂತಿ ಹಿಡಿದು ಎಳೆಯದೆ ಪ್ಲಾಸ್ಟಿಕ್ ತಲೆಯನ್ನು ಚಿಮಟದಿಂದ ಹಿಡಿದು ಎಳೆಯಿರಿ. ಪ್ರತಿ ಹಂತಕ್ಕೂ ಫೋನ್‌ನಲ್ಲಿ ಒಂದು ಫೋಟೊ ತೆಗೆದಿಡಿ. ಕಂಪನದ ಮೋಟರ್‌ಗಳ ತಂತಿ ಬೋರ್ಡ್‌ಗೆ ಬೆಸೆದಿರುವುದುಂಟು, ಬೋರ್ಡ್ ಎತ್ತುವಾಗ ಮೋಟರ್‌ಗಳನ್ನೂ ಜೊತೆಗೇ ಎತ್ತಿ.

ಪೊಟೆನ್ಶಿಯೊಮೀಟರ್ ಒಳಗಿನ ಪುಡಿ

ಮಾಡ್ಯೂಲ್‌ನ ಪಕ್ಕದ ಪುಟ್ಟ ಪ್ಲಾಸ್ಟಿಕ್ ಗೂಡನ್ನು ತೆಳುವಾದ ಸಲಾಕೆಯಿಂದ ಜಾಗ್ರತೆಯಾಗಿ ಬಿಡಿಸಿದರೆ ಒಳಗೆ ಗುಂಡಗಿನ ಚಕ್ರ ಕಾಣುತ್ತದೆ. ಅದರ ಮೈಮೇಲೆ ಹೊಳೆಯುವ ಲೋಹದ ಬೆರಳುಗಳು, ಎದುರಿಗೆ ಬಿಲ್ಲಿನಂತೆ ಬಾಗಿದ ಕಪ್ಪು ಪಟ್ಟಿ. ಬೆರಳು ಓಡಿದ ದಾರಿ ಬೂದುಬಣ್ಣದ ಗೆರೆಯಾಗಿ ಕಂಡರೆ ಪುಡಿ. ಹತ್ತಿಕಡ್ಡಿಗೆ ಆಲ್ಕೋಹಾಲ್ ತೇವ ಮಾಡಿಕೊಂಡು ಒತ್ತದೆ ಒರೆಸಿ, ಗೆರೆ ಹೋಗುತ್ತದೆ. ಒರೆಸಿದ ಮೇಲೂ ಅದೇ ಜಾಗದಲ್ಲಿ ತಳದ ಬಣ್ಣ ಇಣುಕುತ್ತಿದ್ದರೆ ಪಟ್ಟಿ ಸವೆದು ತೂತಾಗಿದೆ, ಮಾಡ್ಯೂಲ್ ಬದಲಿಸುವುದೇ ದಾರಿ. ಚಕ್ರ ತೆಗೆಯುವ ಮೊದಲು ಅದು ಯಾವ ಕೋನದಲ್ಲಿ ಕೂತಿತ್ತು ಎಂದು ಗುರುತು ಹಾಕಿಕೊಳ್ಳಿ. ತಿರುಗುಮುರುಗಾಗಿ ಕೂರಿಸಿದರೆ ಸ್ಟಿಕ್ ಒಂದು ದಿಕ್ಕಿಗೆ ಕೆಲಸ ಮಾಡುವುದನ್ನೇ ಬಿಡುತ್ತದೆ.

ಮಾಡ್ಯೂಲ್ ಬದಲಿಸುವುದು

ಇದು ಬೆಸುಗೆಯ ಕೆಲಸ. ಹಿಂದೆಂದೂ ಬೆಸುಗೆ ಹಾಕಿರದಿದ್ದರೆ ಮೊದಲು ಯಾವುದಾದರೂ ಸತ್ತ ಬೋರ್ಡ್ ಮೇಲೆ ಕೈ ಪಳಗಿಸಿಕೊಳ್ಳಿ. ಅಷ್ಟು ತಾಳ್ಮೆ ಇಲ್ಲವೆಂದರೆ ಮೊಬೈಲ್ ರಿಪೇರಿಯವರಿಗೆ ಕೊಡಿ, ಅದರಲ್ಲಿ ನಾಚಿಕೆಯೇನಿಲ್ಲ. ಡ್ಯುಯಲ್‌ಸೆನ್ಸ್ ಎಡ್ಜ್ ಇರುವವರಿಗೆ ಈ ಕಷ್ಟವಿಲ್ಲ. 2023ರ ಜನವರಿಯಲ್ಲಿ ಬಂದ ಆ ಕಂಟ್ರೋಲರ್‌ನ ಸ್ಟಿಕ್ ಮಾಡ್ಯೂಲನ್ನು ಬೆಸುಗೆಯಿಲ್ಲದೆಯೇ ಹೊರಗೆಳೆದು ಹೊಸದನ್ನು ಹಾಕಬಹುದು.

ಹೊಸ ಮಾಡ್ಯೂಲ್ ಯಾವುದು? ಮೂರು ಬಗೆ ಇವೆ. ಹಳೆಯದರಂತೆಯೇ ಪೊಟೆನ್ಶಿಯೊಮೀಟರ್ ಇರುವುದು, ಹಾಲ್ ಎಫೆಕ್ಟ್, ಟಿಎಂಆರ್. ಕೊನೆಯ ಎರಡರಲ್ಲಿ ಉಜ್ಜುವ ಪಟ್ಟಿಯೇ ಇಲ್ಲ. ಪುಟ್ಟ ಅಯಸ್ಕಾಂತ ತಿರುಗುತ್ತದೆ, ಸೆನ್ಸರ್ ಅದನ್ನು ಮುಟ್ಟದೆಯೇ ಓದುತ್ತದೆ. ಟಿಎಂಆರ್ ಹಾಲ್‌ಗಿಂತ ಕಡಿಮೆ ವಿದ್ಯುತ್ ಎಳೆಯುವುದರಿಂದ ವೈರ್‌ಲೆಸ್ ಕಂಟ್ರೋಲರ್‌ಗೆ ಅದೇ ಮೇಲು. ಆದರೆ ಇವುಗಳಲ್ಲೂ ಸ್ಪ್ರಿಂಗ್ ಇದೆ, ಪ್ಲಾಸ್ಟಿಕ್ ಇದೆ, ಅವು ಸವೆಯುತ್ತವೆ. ಒಂದು ಸ್ಟಿಕ್ ಮಾತ್ರ ಬದಲಿಸಿದರೆ ಎರಡು ಹೆಬ್ಬೆರಳಿಗೂ ಬೇರೆ ಬೇರೆ ಬಿಗಿ ಸಿಗುತ್ತದೆ, ಸಾಧ್ಯವಿದ್ದರೆ ಜೋಡಿಯಾಗಿಯೇ ಹಾಕಿ.

ಒಂದು ಮಾಡ್ಯೂಲ್‌ಗೆ 14 ಬೆಸುಗೆ ಬಿಂದುಗಳು: ಎರಡು ಪೊಟೆನ್ಶಿಯೊಮೀಟರ್‌ಗೆ ಮೂರು ಮೂರರಂತೆ ಆರು, ಎಲ್3 ಬಟನ್‌ಗೆ ನಾಲ್ಕು, ಚೌಕಟ್ಟಿನ ಕಾಲು ನಾಲ್ಕು. 14ನ್ನೂ ಒಟ್ಟಿಗೆ ಕರಗಿಸಿ ಎಳೆಯುವುದು ಹೊಸಬರಿಗೆ ಸಾಧ್ಯವಿಲ್ಲ. ಎಳೆದರೆ ಬೋರ್ಡ್‌ನ ತಾಮ್ರದ ಉಂಗುರವೇ ಕಿತ್ತು ಬರುತ್ತದೆ. ಆದ್ದರಿಂದ ಹಳೆಯ ಮಾಡ್ಯೂಲನ್ನು ಬಲಿ ಕೊಟ್ಟು ಬೋರ್ಡ್ ಉಳಿಸಿಕೊಳ್ಳಿ:

1. ಸ್ಟಿಕ್‌ನ ಟೋಪಿ ಎಳೆದು ತೆಗೆಯಿರಿ. ಪೊಟೆನ್ಶಿಯೊಮೀಟರ್ ಗೂಡುಗಳನ್ನು ಕತ್ತರಿಯಿಂದ ಕತ್ತರಿಸಿ, ಪಿನ್‌ಗಳು ಮಾತ್ರ ಬೋರ್ಡ್‌ನಲ್ಲಿ ನಿಲ್ಲುವಂತೆ ಮಾಡಿ. ಬಟನ್ ಭಾಗಕ್ಕೂ ಹೀಗೆಯೇ.
2. ಉಳಿದ ಚೌಕಟ್ಟಿನ ನಾಲ್ಕು ಕಾಲಿಗೆ ಫ್ಲಕ್ಸ್ (ಬೆಸುಗೆ ಚೆನ್ನಾಗಿ ಹರಿಯಲು ಹಚ್ಚುವ ಅಂಟು) ಹಚ್ಚಿ, 63/37ರ (ಶೇ. 63 ತವರ, ಶೇ. 37 ಸೀಸ) ಬೆಸುಗೆಯನ್ನು ಧಾರಾಳವಾಗಿ ಸೇರಿಸಿ. ಕಾರ್ಖಾನೆಯ ಸೀಸರಹಿತ ಬೆಸುಗೆ ಕರಗಲು ಸುಮಾರು 217 ಡಿಗ್ರಿ ಸೆಲ್ಸಿಯಸ್ ಬೇಕು, ಇದಕ್ಕೆ 183 ಸಾಕು. ಎರಡೂ ಬೆರೆತಾಗ ಬೇಗ ಕರಗುತ್ತದೆ.
3. ಬೆಸುಗೆ ಕಡ್ಡಿಯನ್ನು 350 ಡಿಗ್ರಿಗಿಟ್ಟು, ಚಪ್ಪಟೆ ತುದಿಯಿಂದ ಕಾಲು ಕಾಲಿಗೆ ಸರದಿಯಂತೆ ಕಾಯಿಸುತ್ತಾ ಚೌಕಟ್ಟನ್ನು ಸ್ವಲ್ಪ ಸ್ವಲ್ಪವೇ ಎಬ್ಬಿಸಿ.
4. ಉಳಿದ ಪಿನ್‌ಗಳನ್ನು ಒಂದೊಂದಾಗಿ ಕಾಯಿಸಿ ಚಿಮಟದಿಂದ ಎಳೆಯಿರಿ. ಗ್ರೌಂಡ್‌ಗೆ ಸೇರಿದ ಪಿನ್ ಬಿಸಿಯನ್ನು ಬೋರ್ಡ್ ತುಂಬ ಹಂಚಿಬಿಡುತ್ತದೆ, ಬೇಗ ಬರದು. ಅಲ್ಲಿ ಬಲ ಹಾಕುವುದಲ್ಲ, ಇನ್ನಷ್ಟು ಬೆಸುಗೆ ಸೇರಿಸುವುದು.
5. ರಂಧ್ರಗಳನ್ನು ತಾಮ್ರದ ಹೆಣೆದ ಪಟ್ಟಿ ಅಥವಾ ಹೀರುವ ಪಂಪ್‌ನಿಂದ ಖಾಲಿ ಮಾಡಿ, ಆಲ್ಕೋಹಾಲ್‌ನಿಂದ ಒರೆಸಿ.
6. ಹೊಸ ಮಾಡ್ಯೂಲ್ ಬೋರ್ಡ್‌ಗೆ ಪೂರ್ತಿ ಅಂಟಿ ಕೂತಿದೆಯೇ ಎಂದು ಪಕ್ಕದಿಂದ ನೋಡಿ. ಎದುರುಬದುರಿನ ಎರಡು ಕಾಲು ಮಾತ್ರ ಮೊದಲು ಬೆಸೆದು, ಓರೆಯಿದ್ದರೆ ಸರಿಪಡಿಸಿ, ಆಮೇಲೆ ಉಳಿದ 12.

ಕಿಟಕಿ ತೆರೆದಿರಲಿ, ಕೆಲಸವಾದ ಮೇಲೆ ಕೈ ತೊಳೆಯಿರಿ. ಕವಚ ಮುಚ್ಚುವ ಮೊದಲೇ ಬ್ಯಾಟರಿ ಜೋಡಿಸಿ ಅಂಕಿ ನೋಡಿ. ಹೊಸ ಮಾಡ್ಯೂಲ್ 0.10, 0.15 ತೋರಿಸಿದರೆ ಮೋಸಹೋದಿರಿ ಎಂದುಕೊಳ್ಳಬೇಡಿ. ಕಂಟ್ರೋಲರ್‌ನ ಮೆಮೊರಿಯಲ್ಲಿ ಇನ್ನೂ ಹಳೆಯ ಸ್ಟಿಕ್‌ನ ಮಧ್ಯಬಿಂದುವಿದೆ. ಮೊದಲು ಮಧ್ಯದ ಕ್ಯಾಲಿಬ್ರೇಶನ್, ಆಮೇಲೆ ಅಂಚಿನದು.

ಟ್ರಿಗರ್

ಐದನೇ ಪರೀಕ್ಷೆಯ ಅಂಕಿಯನ್ನು ಈಗ ತೆಗೆಯಿರಿ. ಟ್ರಿಗರ್ ಜೋತುಬಿದ್ದು ವಾಪಸ್ ಬರದಿದ್ದರೆ ಸ್ಪ್ರಿಂಗ್ ಮುರಿದಿದೆ ಇಲ್ಲವೇ ಜಾಗ ತಪ್ಪಿದೆ. ಇದು ಸುರುಳಿಯಿಂದ ಎರಡು ಕಾಲು ಚಾಚಿರುವ ತಿರುಚು ಸ್ಪ್ರಿಂಗ್. ಒಂದು ಕಾಲು ಟ್ರಿಗರ್‌ನ ಒಳಗಿನ ತೋಡಿನಲ್ಲಿ, ಇನ್ನೊಂದು ಚೌಕಟ್ಟಿನ ಮೇಲೆ ಕೂರಬೇಕು. ಸುರುಳಿಯ ನಡುವೆ ಟ್ರಿಗರ್‌ನ ಅಚ್ಚು ಹಾದುಹೋಗುತ್ತದೆ. ಕೂರಿಸುವಾಗ ಮೇಲೆ ಒಂದು ಬೆರಳು ಅಡ್ಡ ಇಟ್ಟುಕೊಳ್ಳಿ. ಚಿಮ್ಮಿದರೆ ಹುಡುಕುವುದೇ ಕೆಲಸವಾಗುತ್ತದೆ. ಎಡದ ಸ್ಪ್ರಿಂಗ್ ಬಲಕ್ಕೆ ಹೊಂದದಿರಬಹುದು, ಕೊಳ್ಳುವಾಗ ಎಲ್2, ಆರ್2 ಯಾವುದಕ್ಕೆಂದು ನೋಡಿ.

ಪೂರ್ತಿ ಒತ್ತಿದರೂ 0.8ಕ್ಕೇ ನಿಂತರೆ ಕಾರಣ ಕಂಟ್ರೋಲರ್‌ಗೆ ತಕ್ಕಂತೆ ಬೇರೆ. ಡ್ಯುಯಲ್‌ಶಾಕ್ 4ರಲ್ಲಿ ಟ್ರಿಗರ್‌ನ ಹಿಂದೆ ವಿದ್ಯುತ್ ಹರಿಯುವ ರಬ್ಬರ್ ಗುಂಡಿ ಇದೆ. ಅದು ಪ್ಲಾಸ್ಟಿಕ್ ಹಾಳೆಯ ಮೇಲಿನ ಇಂಗಾಲಕ್ಕೆ ಒತ್ತಿಕೊಂಡಷ್ಟೂ ಅಂಕಿ ಏರುತ್ತದೆ. ರಬ್ಬರ್ ಚಪ್ಪಟೆಯಾದರೆ ಅಂಕಿ ಮೇಲೇರದು, ರಬ್ಬರನ್ನೇ ಬದಲಿಸಿ. ಹಾಳೆಯನ್ನು ಉಜ್ಜಬೇಡಿ, ಇಂಗಾಲ ಎದ್ದುಬರುತ್ತದೆ. ಬಟನ್‌ಗಳು ತಾವಾಗಿಯೇ ಒತ್ತಿದಂತಾಗುತ್ತಿದ್ದರೆ ಹಾಳೆ ಬೋರ್ಡ್‌ಗೆ ಸೇರುವ ಜಾಗದ ಸ್ಪಂಜು ಕುಗ್ಗಿರುತ್ತದೆ. ಮಡಚಿದ ಕಾಗದದ ತುಂಡು ಅಥವಾ ಎರಡು ಪದರ ಇನ್ಸುಲೇಶನ್ ಟೇಪ್ ಅಡಿಯಲ್ಲಿಟ್ಟರೆ ಒತ್ತಡ ಮರಳುತ್ತದೆ. ಎಕ್ಸ್‌ಬಾಕ್ಸ್‌ನ ಟ್ರಿಗರ್‌ನಲ್ಲಿ ಉಜ್ಜುವ ಭಾಗವಿಲ್ಲ, ಅಯಸ್ಕಾಂತ ಮತ್ತು ಹಾಲ್ ಸೆನ್ಸರ್ ಇವೆ. ಅಲ್ಲಿ ಅಂಕಿ ತಪ್ಪಿದರೆ ಅಯಸ್ಕಾಂತ ಜಾಗ ಬಿಟ್ಟಿದೆಯೇ, ಕಬ್ಬಿಣದ ಪುಡಿ ಅಂಟಿದೆಯೇ, ಅಚ್ಚು ಸಡಿಲವೇ ಎಂದು ನೋಡಿ. ಕಿರ್‌ಗುಟ್ಟುವ ಅಚ್ಚಿಗೆ ಸೂಜಿಮೊನೆಯಷ್ಟು ಸಿಲಿಕೋನ್ ಗ್ರೀಸ್ ಸಾಕು, ಅದು ರಬ್ಬರ್ ಗುಂಡಿಗೆ ತಾಗದಿರಲಿ.

ಡ್ಯುಯಲ್‌ಸೆನ್ಸ್‌ನಲ್ಲಿ ಸ್ಪ್ರಿಂಗ್ ಜೊತೆಗೆ ಬಿಗಿ ಹೆಚ್ಚಿಸುವ ಮೋಟರ್ ಮತ್ತು ಹಲ್ಲುಚಕ್ರ ಕೂಡ ಇವೆ. ಆರ್2 ಮೇಲೆ ಪಂದ್ಯಪೂರ್ತಿ ಬೆರಳಿಡುವವರು ಪಿಎಸ್5ರ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸರೀಸ್, ಕಂಟ್ರೋಲರ್‌ಗೆ ಹೋಗಿ ಟ್ರಿಗರ್ ಎಫೆಕ್ಟ್ ಆಫ್ ಮಾಡಿಬಿಡುವುದು ಒಳ್ಳೆಯದು. ಬಿಗಿಯೂ ಇಳಿಯುತ್ತದೆ, ಮೋಟರ್‌ಗೂ ಕೆಲಸ ತಪ್ಪುತ್ತದೆ. ಗೇಮ್‌ನ ಕಂಟ್ರೋಲ್ ಸೆಟ್ಟಿಂಗ್ಸ್‌ನಲ್ಲಿ ಓಟವನ್ನು ಆರ್1ಗೆ ವರ್ಗಾಯಿಸಿದರೆ ಆರ್2ಗೆ ಬೀಳುವ ಹೊರೆ ಕಡಿಮೆಯಾಗುತ್ತದೆ. ಬೆರಳಿಗೆ ಹೊಸ ಜಾಗ ಒಗ್ಗಲು ಒಂದಿಷ್ಟು ಪಂದ್ಯ ಸೋಲಬೇಕಾದೀತು.

ಕವಚ ಮುಚ್ಚಿದ ಮೇಲೆ ಐದೂ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ, ಹೊಸ ಅಂಕಿಗಳನ್ನು ಹಳೆಯವುಗಳ ಪಕ್ಕದಲ್ಲೇ ದಿನಾಂಕ ಹಾಕಿ ಬರೆದಿಡಿ. ಮುಚ್ಚುವ ಮೊದಲು ಸರಿಯಿದ್ದ ಅಂಕಿ ಮುಚ್ಚಿದ ಮೇಲೆ ಕೆಟ್ಟರೆ ಮಾಡ್ಯೂಲ್ ತಪ್ಪಲ್ಲ: ಸ್ಟಿಕ್‌ನ ಟೋಪಿ ಕವಚದ ಉಂಗುರಕ್ಕೆ ಉಜ್ಜುತ್ತಿದೆ, ಇಲ್ಲವೇ ಯಾವುದೋ ತಂತಿ ಅದರಡಿ ಸಿಕ್ಕಿದೆ. ಸ್ಕ್ರೂಗಳನ್ನು ಅರ್ಧ ಸುತ್ತು ಸಡಿಲಿಸಿ, ಕವಚ ಕೂರಿಸಿ, ಎದುರುಬದುರಾಗಿ ಮತ್ತೆ ಬಿಗಿಯಿರಿ.